ಮೂತಿಯ ಮೇಲಿನ ಹೆಸರು

ಕೋಡ್ ಬರೆಯೋರಿಗೆ ‘ಗಿಟ್ ಬ್ಲೇಮ್’ ಗೊತ್ತಿರುತ್ತದೆ. ಯಾವುದೇ ಫೈಲಿನ ಮೇಲೆ ಅದನ್ನು ಓಡಿಸಿದರೆ, ಒಂದೊಂದು ಸಾಲಿನ ಪಕ್ಕದಲ್ಲೂ ಅದನ್ನು ಬರೆದೋರು ಯಾರು, ಯಾವತ್ತು ಬರೆದರು ಅಂತ ಬಂದು ಕೂರುತ್ತದೆ. ರಾತ್ರಿ ಹನ್ನೊಂದಕ್ಕೆ ಪ್ರೊಡಕ್ಷನ್ ಬಿದ್ದುಹೋದಾಗ ನಾವೆಲ್ಲ ಮೊದಲು ಮಾಡೋ ಕೆಲಸ ಅದೇ. ಇದೇ ಥರದ ಪತ್ತೇದಾರಿಕೆಯನ್ನು ಇನ್ನೂರು ವರ್ಷ ಹಳೆಯ ಮರದ ತುಂಡುಗಳ ಮೇಲೆ ಮಾಡುವ ಜನ ಅಮೆರಿಕದಲ್ಲಿದ್ದಾರೆ. ಅವರು ಹುಡುಕುವುದು ಬಡಗಿಗಳ ಹತ್ತರಿಗಳನ್ನು.

ಹತ್ತರಿ ಅಂದರೆ ಮರವನ್ನು ಹೆರೆದು ನಯ ಮಾಡುವ ಉಪಕರಣ. ಪುಸ್ತಕಗಳಲ್ಲಿ ಕೀಸುಳಿ ಅಂತಲೂ ಬರೆಯುತ್ತಾರೆ, ಅರಸೀಕೆರೆ ಹತ್ತಿರದ ನಮ್ಮನೆಯಲ್ಲಿ ಹತ್ತರಿ. ನಮ್ಮಪ್ಪ ಊರಿನ ಬಡಗಿ. ನೇಗಿಲು, ಗಾಡಿ, ಬಾಗಿಲು, ಕೊನೆಕೊನೆಗೆ ಶಾಮಿಯಾನದವರ ಮಂಚ, ಎಲ್ಲಾ ಮಾಡಿದವರು. ಅವರ ಹತ್ತರಿಯ ಒಡಲು ಹುಣಸೆಯ ಚೇಗಿನದು, ಅಲಗು ಲಾರಿಯ ಸ್ಪ್ರಿಂಗ್ ಪಟ್ಟಿಯನ್ನು ಕಮ್ಮಾರನ ಹತ್ತಿರ ಬಡಿಸಿದ್ದು. ಅದರ ಮೇಲೆ ಯಾರ ಹೆಸರೂ ಇಲ್ಲ. ಇರಬೇಕು ಅಂತ ಯಾರಿಗೂ ಅನ್ನಿಸಿರಲೂ ಇಲ್ಲ, ಯಾಕಂದರೆ ಮಾಡಿದೋನು, ಇಟ್ಟುಕೊಂಡೋನು, ದುಡಿಸಿದೋನು ಎಲ್ಲಾ ಒಬ್ಬನೇ.

ಅಮೆರಿಕದ ಹಳೆಯ ಹತ್ತರಿಗಳ ಕಥೆ ಬೇರೆ. ಅದನ್ನು ನಿಮ್ಮ ಕಡೆ ಮುಖಮಾಡಿ ಹಿಡಿದರೆ ಮೂತಿಯ ಮೇಲೆ ಉಕ್ಕಿನ ಅಚ್ಚಿನಿಂದ ಒತ್ತಿದ ಅಕ್ಷರಗಳು ಕಾಣುತ್ತವೆ. ಒಂದು ಹೆಸರು, ಕೆಳಗೆ ಒಂದು ಊರು. ಅಲಗನ್ನು ಹೊರಗೆಳೆದರೆ ಅದರ ಮೇಲೆ ಇನ್ನೊಂದು ಹೆಸರು. ಹತ್ತೊಂಬತ್ತನೇ ಶತಮಾನದಲ್ಲಿ ಅದು ಸಾಮಾನ್ಯವಾಗಿ ಇಂಗ್ಲೆಂಡಿನ ಶೆಫೀಲ್ಡ್ ಊರಿನ ಉಕ್ಕಿನವರದು. ಆಮೇಲೆ ಅಲ್ಲಲ್ಲಿ ಸಣ್ಣ ಇನಿಷಿಯಲ್‌ಗಳು, ಕೆಲವೊಮ್ಮೆ ಒಂದರ ಮೇಲೊಂದು ಕುಟ್ಟಿದ್ದು. ಅವು ಒಬ್ಬರಿಂದ ಒಬ್ಬರಿಗೆ ಕೈ ಬದಲಿಸಿದಾಗ ಆಯಾ ಬಡಗಿ ಹಾಕಿಕೊಂಡ ಗುರುತು. ಪಕ್ಕದ ಬೆಂಚಿನೋನು ಎತ್ತಿಕೊಂಡು ಹೋಗಬಾರದಲ್ಲ.

ಎಲ್ಲಕ್ಕಿಂತ ದೊಡ್ಡದಾಗಿರೋ ಮೂತಿಯ ಹೆಸರು ಯಾರದು? ಮಾಡಿದವನದು ಅಂತ ಯಾರಿಗಾದರೂ ಅನ್ನಿಸುತ್ತದೆ. ತುಂಬ ಸಲ ಅದು ಮಾರಿದವನದು. ಹಾರ್ಡ್‌ವೇರ್ ಅಂಗಡಿಯವನು ಕಾರ್ಖಾನೆಗೆ ಡಜನ್‌ಗಟ್ಟಲೆ ಆರ್ಡರ್ ಕೊಟ್ಟು, ನನ್ನ ಹೆಸರಲ್ಲೇ ಅಚ್ಚು ಹಾಕಿ ಕಳಿಸಿ ಅನ್ನುತ್ತಿದ್ದ. ಈಗ ಸೂಪರ್ ಮಾರ್ಕೆಟ್‌ನವರು ಎಲ್ಲಿಂದಲೋ ತೊಗರಿಬೇಳೆ ತರಿಸಿ ತಮ್ಮದೇ ಹೆಸರಿನ ಪ್ಯಾಕೆಟ್‌ನಲ್ಲಿ ಮಾರುತ್ತಾರಲ್ಲ, ಹಾಗೆ. ಶಿಕಾಗೋದ ಹಿಬ್ಬಾರ್ಡ್, ಸ್ಪೆನ್ಸರ್, ಬಾರ್ಟ್ಲೆಟ್ ಅನ್ನೋ ದೊಡ್ಡ ಸಗಟು ಅಂಗಡಿ ‘ಎ. ಸಿ. ಬಾರ್ಟ್ಲೆಟ್ಸ್ ಓಹಿಯೋ ಪ್ಲೇನ್ಸ್’ ಅಂತ ಮಾರುತ್ತಿತ್ತು. ಬಾರ್ಟ್ಲೆಟ್ ಅದರ ಪಾಲುದಾರ, ಬಡಗಿ ಅಲ್ಲ. ಹತ್ತರಿಗಳು ತಯಾರಾಗಿ ಬರುತ್ತಿದ್ದದ್ದು ಓಹಿಯೋದ ಕೊಲಂಬಸ್‌ನಿಂದ.

ನನಗೆ ಇದೆಲ್ಲ ಗೊತ್ತಾಗಿದ್ದು ಅದೇ ಕೊಲಂಬಸ್‌ನಲ್ಲಿ. ಹದಿನೆಂಟು ತಿಂಗಳ ಆನ್‌ಸೈಟ್. ಕ್ಲೈಂಟು ಯಾರು ಅಂತ ಹೇಳುವ ಹಾಗಿಲ್ಲ, ಕೆಲಸಕ್ಕೆ ಸೇರಿದ ದಿನವೇ ಸಹಿ ಹಾಕಿಸಿಕೊಂಡಿದ್ದಾರೆ. ವಾರಾಂತ್ಯದಲ್ಲಿ ಒಬ್ಬನೇ ಏನು ಮಾಡೋದು, ಹಳೇ ಸಾಮಾನಿನ ಸಂತೆಗಳಿಗೆ ಹೋಗುತ್ತಿದ್ದೆ. ಅಲ್ಲೊಂದು ದಿನ ತುಕ್ಕು ಹಿಡಿದ ಇಕ್ಕಳ, ಹಾಲಿನ ಕ್ಯಾನುಗಳ ನಡುವೆ ಒಂದು ಹತ್ತರಿ ಕಂಡಿತು. ಎಂಟಿಂಚು ಉದ್ದ, ಎರಡೂ ತುದಿ ಸಣ್ಣಗಾಗಿ ನಡುವೆ ಅಗಲ. ಈ ಆಕಾರಕ್ಕೆ ಅವರು ಶವಪೆಟ್ಟಿಗೆಯ ಹೆಸರಿಟ್ಟಿದ್ದಾರೆ. ಅಪ್ಪನಿಗೆ ಹೇಳಿದ್ದರೆ ಮನೆಯೊಳಕ್ಕೇ ಬಿಡುತ್ತಿರಲಿಲ್ಲ. ಮೂತಿಯ ಮೇಲೆ ಬೆರಳಾಡಿಸಿದರೆ ಅಕ್ಷರಗಳು ಸಿಕ್ಕವು: ಪಿ. ಹೇಡನ್ ಅಂಡ್ ಕೋ. ಹದಿನಾಲ್ಕು ಡಾಲರ್ ಕೊಟ್ಟು ಕೋಟಿನ ಜೇಬಿಗೆ ಹಾಕಿಕೊಂಡು ಬಂದೆ.

ಮಾರಿದವನನ್ನು ಪತ್ತೆ ಹಚ್ಚುವುದು ಸುಲಭ ಅನ್ನುವುದು ಈ ಹವ್ಯಾಸದ ಮೊದಲ ಪಾಠ. ಅಂಗಡಿಯವನು ಕಾಗದ ಬಿಟ್ಟು ಹೋಗಿರುತ್ತಾನೆ. ಆಗಿನ ಅಮೆರಿಕನ್ ಪಟ್ಟಣಗಳಲ್ಲಿ ಸಿಟಿ ಡೈರೆಕ್ಟರಿ ಅಂತ ಬರುತ್ತಿತ್ತು. ಫೋನ್ ಹುಟ್ಟುವ ಮೊದಲೇ ಇದ್ದ ಫೋನ್ ಬುಕ್ ಅಂದುಕೊಳ್ಳಿ: ಹೆಸರು, ಕಸುಬು, ಬೀದಿ, ಮನೆ ನಂಬರು. ಪತ್ರಿಕೆಗಳಲ್ಲಿ ಅವನ ಜಾಹೀರಾತುಗಳು. ಆಮೇಲೆ ಜನಗಣತಿ, ತೆರಿಗೆ, ಪಾಲುದಾರರ ಜಗಳದ ಕೋರ್ಟು ದಾಖಲೆ, ಸತ್ತಮೇಲೆ ಆಸ್ತಿಯ ಪಟ್ಟಿ. ಇಷ್ಟು ಸಾಕು. ಇದರಲ್ಲಿ ನನಗೆ ಬಹಳ ಇಷ್ಟವಾದ ತಂತ್ರ ಒಂದಿದೆ. ಅಂಗಡಿಗಳು ಹೆಸರು ಬದಲಿಸುತ್ತಲೇ ಇರುತ್ತವೆ. ಒಬ್ಬ ಪಾಲುದಾರ ಸೇರಿದರೆ ‘ಅಂಡ್ ಕೋ.’, ಮಗ ಬಂದರೆ ‘ಅಂಡ್ ಸನ್’, ಅವನು ಮುನಿಸಿಕೊಂಡು ಹೋದರೆ ಮತ್ತೆ ಒಂಟಿ ಹೆಸರು. ಡೈರೆಕ್ಟರಿಯಲ್ಲಿ ಯಾವ ವರ್ಷ ಯಾವ ರೂಪ ಇದೆ ಅಂತ ನೋಡಿಕೊಂಡರೆ, ಕೈಯಲ್ಲಿರೋ ಮರದ ತುಂಡು ಯಾವ ನಾಲ್ಕೈದು ವರ್ಷದ್ದು ಅಂತ ಹೇಳಿಬಿಡಬಹುದು. ಸಾಫ್ಟ್‌ವೇರಿನ ವರ್ಷನ್ ನಂಬರ್ ನೋಡಿ ಇದು ಯಾವ ಕಾಲದ ಬಗ್ ಅಂತ ನಾವು ಹೇಳುವುದಿಲ್ಲವೇ?

ಹೆಸರು ತೀರಾ ಹಳೆಯದಾಗಿದ್ದರೆ ಮರವನ್ನೇ ಓದುತ್ತಾರೆ. ಹದಿನೆಂಟನೇ ಶತಮಾನದ ನ್ಯೂ ಇಂಗ್ಲೆಂಡಿನವು ಹೆಚ್ಚಾಗಿ ಬರ್ಚ್ ಮರದವು, ಆಮೇಲಿನವು ಬೀಚ್. ಮೊದಲಿನವು ಹತ್ತಿಂಚಿನ ಆಸುಪಾಸು, ಆಮೇಲೆ ಎಲ್ಲರೂ ಒಂಬತ್ತೂವರೆ ಇಂಚಿಗೆ ಬಂದು ನಿಂತರು (ಇದು ಅಂಚುಪಟ್ಟಿ ತೆಗೆಯುವ ಸಪೂರ ಹತ್ತರಿಗಳ ಮಾತು, ನನ್ನ ಶವಪೆಟ್ಟಿಗೆಯದಲ್ಲ). ಈ ಪತ್ತೇದಾರಿಕೆಯನ್ನೆಲ್ಲ ಎಮಿಲ್ ಮತ್ತು ಮಾರ್ಟಿಲ್ ಪೊಲಾಕ್ ಅನ್ನೋ ಗಂಡ ಹೆಂಡತಿ 1983ರಲ್ಲಿ ಒಂದು ಪುಸ್ತಕಕ್ಕೆ ತಂದರು. ಅಮೆರಿಕದ ಮರದ ಹತ್ತರಿಗಳ ಮೇಲಿನ ಹೆಸರುಗಳ ಕೋಶ ಅದು. ಒಂದೊಂದು ಅಚ್ಚಿನ ಅಪರೂಪಕ್ಕೂ ನಕ್ಷತ್ರ ಹಾಕಿದ್ದಾರೆ. ನಕ್ಷತ್ರ ಹೆಚ್ಚಾದ ಹಾಗೆ ರೇಟೂ ಏರುತ್ತದೆ, ಹೋಟೆಲುಗಳ ಥರ.

ಪೀಟರ್ ಹೇಡನ್ನನಿಗಾಗಿ ನಾನು ಕೋಶದವರೆಗೂ ಹೋಗಬೇಕಾಗಿರಲಿಲ್ಲ. ಅವನು ಕೊಲಂಬಸ್ ಊರಿನ ತುಂಬಾ ಇದ್ದಾನೆ. ಓಹಿಯೋ ರಾಜ್ಯದ ಶಾಸನಸಭೆಯ ಎದುರಿಗೆ, ಬ್ರಾಡ್ ಸ್ಟ್ರೀಟಿನಲ್ಲಿ, 1869ರ ಹೇಡನ್ ಬಿಲ್ಡಿಂಗ್ ಇವತ್ತಿಗೂ ನಿಂತಿದೆ. ನಾನು ಅದರ ಮುಂದೆ ಎಷ್ಟೋ ಸಲ ಬಸ್ಸಿಗೆ ಕಾದಿದ್ದೇನೆ. ಊರಿಂದ ಆಗ್ನೇಯಕ್ಕೆ ಒಂದು ಗಂಟೆ ಕಾರಿನಲ್ಲಿ ಹೋದರೆ ಹೇಡನ್‌ವಿಲ್ ಅಂತ ಒಂದು ಹಳ್ಳಿಯೇ ಇದೆ. ಅವನ ಕಂಪನಿ ಕಟ್ಟಿದ ಊರು. ಮನೆಗಳು, ಚರ್ಚು ಎಲ್ಲಾ ಕಂಪನಿಯ ಸ್ವಂತ ಇಟ್ಟಿಗೆ, ಹೆಂಚುಗಳಿಂದ ಕಟ್ಟಿದ್ದು. ಚರ್ಚಿನ ಗೋಡೆ ನೋಡಿದರೆ ಕಂಪನಿಯ ಕ್ಯಾಟಲಾಗ್ ನೋಡಿದ ಹಾಗಾಗುತ್ತದೆ. ಅಲ್ಲಿನ ಮನೆಗಳು ವಾಸಿಸುವವರ ಹೆಸರಿಗೆ ಆಗಿದ್ದು 1960ರ ದಶಕದಲ್ಲಿ.

ಇಷ್ಟು ದೊಡ್ಡ ಮನುಷ್ಯ ಶುರು ಮಾಡಿದ್ದು ಕುದುರೆ ಸಾಮಾನಿನಿಂದ. ಕಡಿವಾಣ, ರಿಕಾಪು, ಬಕಲು, ಸರಪಳಿ. ರೈಲು ಇಲ್ಲದ ಕಾಲ, ಕುದುರೆಯಿಲ್ಲದೆ ಏನೂ ಓಡುತ್ತಿರಲಿಲ್ಲ. ಆಮೇಲೆ ಬಡಗಿ ಸಾಮಾನು, ಕಬ್ಬಿಣ, ಕಲ್ಲಿದ್ದಲು, ಬ್ಯಾಂಕು. 1851ರಲ್ಲಿ ಓಹಿಯೋ ಟೂಲ್ ಕಂಪನಿ ಹುಟ್ಟಿದಾಗ ಅದರ ಹಿಂದೆ ಇದ್ದವರಲ್ಲಿ ಅವನೂ ಒಬ್ಬ. ಮೇಲೆ ಹೇಳಿದ ಶಿಕಾಗೋದ ಬಾರ್ಟ್ಲೆಟ್ ಹತ್ತರಿಗಳು ಬಂದದ್ದು ಇದೇ ಕಂಪನಿಯಿಂದ.

ಹೇಡನ್‌ನ ಬಂಡವಾಳದ ಗುಟ್ಟು ಸ್ಪ್ರಿಂಗ್ ಸ್ಟ್ರೀಟಿನಲ್ಲಿತ್ತು. ಅಲ್ಲಿ 1834ರಲ್ಲಿ ತೆರೆದ ಓಹಿಯೋ ಪೆನಿಟೆನ್ಷಿಯರಿ, ಅಂದರೆ ರಾಜ್ಯದ ದೊಡ್ಡ ಜೈಲು. ಜೈಲನ್ನು ಕಟ್ಟಿದವರೂ ಕೈದಿಗಳೇ. ಆಗ ಅಮೆರಿಕದಲ್ಲಿ ಜನಪ್ರಿಯವಾಗಿದ್ದದ್ದು ನ್ಯೂಯಾರ್ಕ್ ರಾಜ್ಯದ ಆಬರ್ನ್ ಊರಿನ ಜೈಲಿನ ಪದ್ಧತಿ: ರಾತ್ರಿ ಒಬ್ಬೊಬ್ಬನಿಗೆ ಒಂದೊಂದು ಗೂಡು, ಹಗಲು ಒಟ್ಟಿಗೆ ಕೆಲಸ, ಮಾತು ಮಾತ್ರ ಪೂರ್ತಿ ನಿಷೇಧ. ಪಟ್ಟೆ ಬಟ್ಟೆ ಹಾಕಿಕೊಂಡು, ಮುಂದಿನವನಿಗೆ ಒತ್ತಿಕೊಂಡು, ಹೆಜ್ಜೆಗೆ ಹೆಜ್ಜೆ ಹಾಕುತ್ತಾ ವರ್ಕ್‌ಶಾಪಿಗೆ ನಡೆಯಬೇಕು. ಆ ವರ್ಕ್‌ಶಾಪುಗಳನ್ನು ಸರ್ಕಾರ ಗುತ್ತಿಗೆ ಕೊಡುತ್ತಿತ್ತು. ಗುತ್ತಿಗೆದಾರ ಯಂತ್ರ, ಕಚ್ಚಾ ಸಾಮಾನು, ಮೇಸ್ತ್ರಿಗಳನ್ನು ತರುತ್ತಾನೆ. ತಲೆಗೆ ದಿನಕ್ಕಿಷ್ಟು ಅಂತ ಸರ್ಕಾರಕ್ಕೆ ಕಟ್ಟುತ್ತಾನೆ. ತಯಾರಾದ ಸರಕು ಅವನದು. ಹೇಡನ್ ಆ ಗುತ್ತಿಗೆದಾರರಲ್ಲಿ ದೊಡ್ಡ ಹೆಸರು. ಕುದುರೆ ಸಾಮಾನಷ್ಟೇ ಅಲ್ಲ, ಹತ್ತರಿಗಳೂ ಆ ಗೋಡೆಗಳ ಒಳಗೇ ಆದವು. ಅತ್ತ ಆಬರ್ನ್‌ನಲ್ಲೂ ಹೀಗೆಯೇ, ಗುತ್ತಿಗೆದಾರರ ಒಂದಾದ ಮೇಲೊಂದು ಹೆಸರಿನಲ್ಲಿ ಕೈದಿಗಳು ಮಾಡಿದ ಹತ್ತರಿಗಳು ದಶಕಗಟ್ಟಲೆ ಹೊರಬಂದವು. 1893ರಲ್ಲಿ ಆಬರ್ನ್ ಟೂಲ್ ಕಂಪನಿಯೂ ಓಹಿಯೋ ಟೂಲ್ ಕಂಪನಿಯೂ ಒಂದಾದವು.

ಹೊರಗಿನ ಬಡಗಿಗಳು ಸುಮ್ಮನಿರಲಿಲ್ಲ. ಜೈಲಿನ ಸರಕು ಅಗ್ಗಕ್ಕೆ ಬಂದು ತಮ್ಮ ಹೊಟ್ಟೆಯ ಮೇಲೆ ಹೊಡೆಯುತ್ತದೆ ಅಂತ 1830ರ ದಶಕದಲ್ಲೇ ಸಭೆ ಸೇರಿಸಿ, ಅರ್ಜಿ ಬರೆದು ಗಲಾಟೆ ಮಾಡಿದರು. ಮಜಾ ಅಂದರೆ, ಆ ಬಡಗಿಗಳಲ್ಲಿ ಎಷ್ಟು ಜನರ ಕೈಯಲ್ಲಿ ಜೈಲಿನ ಹತ್ತರಿಯೇ ಇತ್ತೋ! ಮೂತಿಯ ಮೇಲೆ ಮರ್ಯಾದಸ್ಥ ಅಂಗಡಿಯ ಹೆಸರಿರುವಾಗ ಒಳಗಿನದು ಹೇಗೆ ತಿಳಿಯಬೇಕು?

ಬಿಲ್ಲಿಂಗ್ ರೇಟ್, ಕ್ಲೈಂಟಿನ ಲೋಗೋ, ಹೆಸರಿಲ್ಲದ ರಿಸೋರ್ಸ್. ನಮ್ಮಂಥವರಿಗೆ ಇದನ್ನು ಓದುವಾಗ ತುಟಿಯಂಚಿನಲ್ಲಿ ಒಂದು ನಗು ಬರುತ್ತದೆ, ನನಗೂ ಬಂತು. ನಾನು ಬರೆದ ಕೋಡ್ ಯಾವುದೋ ಆ್ಯಪಿನಲ್ಲಿ ಲಕ್ಷಾಂತರ ಜನರ ಫೋನಿನಲ್ಲಿದೆ, ಅದರ ಮೇಲಿರೋದು ಇನ್ಯಾರದೋ ಹೆಸರು. ಆದರೆ ನನಗೆ ಸಂಬಳ ಬರುತ್ತದೆ, ಸಾಯಂಕಾಲ ಬ್ಯಾಡ್ಜ್ ಒತ್ತಿದರೆ ಬಾಗಿಲು ತೆರೆಯುತ್ತದೆ. ಮೀಟಿಂಗಿನಲ್ಲಿ ಮಾತು ನಿಷೇಧವಾಗಿದ್ದರೆ ಚೆನ್ನಾಗಿತ್ತು ಅಂತ ಅನ್ನಿಸುವುದುಂಟು, ಅದು ಬೇರೆ. ಹೋಲಿಕೆಯನ್ನು ಇಲ್ಲಿಗೇ ಬಿಡುವುದು ಮರ್ಯಾದೆ.

1849ರಲ್ಲಿ ಕೊಲಂಬಸ್‌ಗೆ ಕಾಲರಾ ಬಂತು. ಆ ಒಂದು ಬೇಸಿಗೆಯಲ್ಲಿ ಜೈಲಿನೊಳಗೆ ನೂರಕ್ಕೂ ಹೆಚ್ಚು ಕೈದಿಗಳು ಸತ್ತರು. ನನ್ನ ಹತ್ತರಿಯ ಮೇಲಿರುವ ಹೆಸರು ಓಹಿಯೋ ಟೂಲ್ ಕಂಪನಿಗಿಂತ ಹಿಂದಿನದು, ಅಂದರೆ ಹೆಚ್ಚುಕಡಿಮೆ ಅದೇ ವರ್ಷಗಳದು. ಜೈಲಿನ ರಿಜಿಸ್ಟರ್‌ಗಳು 1834ರಿಂದಲೂ ಉಳಿದಿವೆ. ಕೈದಿಯ ಹೆಸರು, ವಯಸ್ಸು, ಅಪರಾಧ ಎಲ್ಲಾ ಇದೆ. ಹತ್ತರಿಗಳೂ ಉಳಿದಿವೆ. ಈ ಎರಡು ಟೇಬಲ್‌ಗಳನ್ನು ಜೋಡಿಸುವ ಕೀ ಮಾತ್ರ ಯಾರೂ ಇಟ್ಟಿಲ್ಲ. ಯಾಕೆ ಇಡುತ್ತಾರೆ? ಗುತ್ತಿಗೆದಾರನಿಗೆ ತಲೆಯೆಣಿಕೆ ಬೇಕಿತ್ತು, ಅದು ಜೈಲಿನ ವಾರ್ಷಿಕ ವರದಿಗಳಲ್ಲಿ ಸರಿಯಾಗಿಯೇ ಇದೆ.

ಇದೇ ಜೈಲಿನಲ್ಲಿ ಅರ್ಧ ಶತಮಾನದ ಮೇಲೆ ಇನ್ನೊಬ್ಬ ಹೆಸರಿನ ಆಟ ಆಡಿದ. ವಿಲಿಯಂ ಸಿಡ್ನಿ ಪೋರ್ಟರ್ ಅನ್ನೋನು ಬ್ಯಾಂಕಿನ ಹಣ ಲಪಟಾಯಿಸಿದ ಆರೋಪದ ಮೇಲೆ 1898ರಲ್ಲಿ ಒಳಗೆ ಹೋಗಿ, ಜೈಲಿನ ಔಷಧದ ಕೋಣೆಯಲ್ಲಿ ಕೆಲಸ ಮಾಡುತ್ತಾ ಕಥೆ ಬರೆದು, ಪತ್ರಿಕೆಯವರಿಗೆ ತಾನೆಲ್ಲಿದ್ದೇನೆಂದು ಗೊತ್ತಾಗದಂತೆ ಬೇರೆ ಹೆಸರುಗಳಲ್ಲಿ ಕಳಿಸಿದ. 1901ರಲ್ಲಿ ಹೊರಬಂದಾಗ ಅವನು ಓ. ಹೆನ್ರಿ. ಕೊನೆಯ ಎಲೆಯ ಕಥೆ ನಾವೆಲ್ಲ ಓದಿದ್ದೇವಲ್ಲ, ಅವನೇ. ಜೈಲು 1984ರಲ್ಲಿ ಖಾಲಿಯಾಯಿತು, ಆಮೇಲೆ ಕೆಡವಿದರು. ಆ ಪ್ರದೇಶ ಈಗ ಐಸ್ ಹಾಕಿ ಮೈದಾನ, ಪಬ್ಬು, ಅಪಾರ್ಟ್‌ಮೆಂಟುಗಳ ಅರೀನಾ ಡಿಸ್ಟ್ರಿಕ್ಟ್. ನಮ್ಮ ಟೀಮ್ ಡಿನ್ನರ್‌ಗಳೂ ಅಲ್ಲೇ ಆಗುತ್ತಿದ್ದವು.

ಎಲ್ಲ ಕಡೆಯೂ ಹೀಗೇ ಆಗಿದೆ ಅಂತಲ್ಲ. ಓಹಿಯೋದಿಂದ ಪೂರ್ವಕ್ಕೆ ಮ್ಯಾಸಚೂಸೆಟ್ಸ್, ಹೇಡನ್‌ಗಿಂತ ನೂರು ವರ್ಷ ಹಿಂದೆ. ರೆಂಥಮ್ ಅನ್ನೋ ಸಣ್ಣ ಊರಿನಲ್ಲಿ ಫ್ರಾನ್ಸಿಸ್ ನಿಕೋಲ್ಸನ್ ಅಂತ ಒಬ್ಬ ಹತ್ತರಿ ಮಾಡುತ್ತಿದ್ದ. ದಾಖಲೆ ಇರುವ ಅಮೆರಿಕದ ಮೊದಲ ಹತ್ತರಿಗಾರ ಅಂತ ಅವನನ್ನು ಗುರುತಿಸುತ್ತಾರೆ. ಅವನ ಬೆಂಚಿನ ಪಕ್ಕದಲ್ಲಿ ಸೀಸರ್ ಚೆಲರ್ ಅನ್ನೋ ಕಪ್ಪು ಗುಲಾಮ ಕೆಲಸ ಮಾಡುತ್ತಿದ್ದ. 1753ರಲ್ಲಿ ನಿಕೋಲ್ಸನ್ ಸತ್ತಾಗ ಉಯಿಲಿನಲ್ಲಿ ಚೆಲರ್‌ನನ್ನು ಬಿಡುಗಡೆ ಮಾಡಿದ. ಜೊತೆಗೆ ಅವನ ಹಾಸಿಗೆ, ಪೆಟ್ಟಿಗೆ, ಕೆಲಸದ ಬೆಂಚು, ಉಪಕರಣಗಳು, ಹತ್ತು ಎಕರೆ ಜಮೀನು, ಮರದ ದಾಸ್ತಾನಿನಲ್ಲಿ ಒಂದು ಪಾಲು. ಅಲ್ಲಿಂದ ಮುಂದೆ 1784ರಲ್ಲಿ ಸಾಯುವವರೆಗೂ ಚೆಲರ್ ತಾನು ಮಾಡಿದ ಹತ್ತರಿಗಳ ಮೇಲೆ ತನ್ನ ಹೆಸರಿನ ಅಚ್ಚು ಒತ್ತಿದ. ಹೆಸರಿನ ಕೆಳಗೆ ‘ರೆಂಥಮ್‌ನಲ್ಲಿ ವಾಸ’ ಅಂತ. ಆ ಮಾತು ಅವನ ಯಜಮಾನನ ಅಚ್ಚಿನಲ್ಲೂ ಇತ್ತು, ಆದರೆ ಚೆಲರ್‌ನ ಅಚ್ಚಿನಲ್ಲಿ ಓದುವಾಗ ನಾನು ಸ್ವಲ್ಪ ಹೊತ್ತು ಮೌಸ್ ಬಿಟ್ಟು ಕೂತೆ. ಅವನ ಒಂದು ಹತ್ತರಿಗೆ ಇವತ್ತು ಹರಾಜಿನಲ್ಲಿ ಸಾವಿರಾರು ಡಾಲರ್ ಬರುತ್ತದೆ. 1753ಕ್ಕೆ ಮೊದಲು ಅವನ ಕೈಯಿಂದ ಹೋದವು ಯಾವುವು? ಅವುಗಳ ಮೂತಿಯ ಮೇಲೆ ಇರುವುದು ನಿಕೋಲ್ಸನ್.

ಒಂದು ಭಾನುವಾರ ಅಪ್ಪನಿಗೆ ವಿಡಿಯೋ ಕಾಲ್ ಮಾಡಿ ನನ್ನ ಹತ್ತರಿ ತೋರಿಸಿದೆ.

“ಎಷ್ಟು ಕೊಟ್ಟೆ?”

“ಸಾವಿರದ ಚಿಲ್ರೆ ಅಪ್ಪಾ. ನೂರೆಪ್ಪತ್ತು ವರ್ಷ ಹಳೇದು.”

“ಅಷ್ಟು ಹಳೇದಕ್ಕೆ ಸಾವಿರ ಯಾಕೆ ಕೊಟ್ಯೋ? ತಿರುಗ್ಸು, ತಳ ತೋರ್ಸು.”

ತೋರಿಸಿದೆ. ಕನ್ನಡಕ ಹಾಕಿಕೊಂಡು ಫೋನನ್ನು ಮೂಗಿನ ಹತ್ತಿರ ತಂದರು. ಆ ಕಡೆಯಿಂದ ನನಗೆ ಅವರ ಹಣೆ ಮಾತ್ರ ಕಾಣುತ್ತಿತ್ತು.

“ಬಾಯಿ ಅಗಲ ಆಗದೆ ನೋಡು. ತಳ ಸವೆದಾಗೆಲ್ಲ ಹೊಡೆದು ಹೊಡೆದು ಮಟ್ಟ ಮಾಡವ್ರೆ, ಅದುಕ್ಕೆ ಹಿಂಗಾಗದೆ. ಒಳ್ಳೇ ದುಡಿದದೆ ಕಣ್ಲಾ ಇದು. ಹಿಂದ್ಗಡೆ ತೋರ್ಸು. ಹೂಂ, ಸುತ್ತಿಗೆ ಪೆಟ್ಟು ಒಂದೇ ಜಾಗ್ದಲ್ಲಿ ಬಿದ್ದವೆ. ಕೆಲ್ಸ ಬಲ್ಲೋನು. ಪಕ್ಕ ತೋರ್ಸು, ಆ ಪಕ್ಕ ಅಲ್ಲ, ಈ ಪಕ್ಕ. ಎಡಚ ಇವ್ನು. ಹೆಬ್ಬೆಟ್ಟು ಎಲ್ಲಿ ಕೂತಿತ್ತು ನೋಡು.”

ಅಲ್ಲಿಯವರೆಗೆ ನಾನು ಮೂತಿಯನ್ನು ಬಿಟ್ಟು ಬೇರೆ ಕಡೆ ಬೆಳಕು ಹಿಡಿದೇ ಇರಲಿಲ್ಲ. ಹೆಬ್ಬೆರಳಿಟ್ಟು ನೋಡಿದೆ. ನಿಜ, ಸಣ್ಣ ಗುಳಿಯಿತ್ತು, ಎಡಗೈಯ ಹೆಬ್ಬೆರಳಿಗೆ ಸರಿಯಾಗಿ.

“ಇದು ಇಟ್ಕೊಂಡಿದ್ದೋನ ವಿಚಾರ ಆಯ್ತು ಅಪ್ಪಾ. ಮಾಡ್ದೋನ ಬಗ್ಗೆ ಏನಾದ್ರೂ ಗೊತ್ತಾಗುತ್ತಾ?”

ಬೆಣೆ, ಅಲಗು ತೆಗೆದು ಒಳಗೆ ಟಾರ್ಚ್ ಬಿಡು ಅಂದರು. ಬೆಣೆ ಕೂರುವ ಕುಳಿಯ ಅಂಚಿನಲ್ಲಿ, ಕೊರೆಯುವ ಮೊದಲು ಅಳತೆಗೆ ಹಾಕಿಕೊಂಡ ಸಣ್ಣ ಗೀರುಗಳು ಇನ್ನೂ ಇವೆ. ಅಪ್ಪ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ನೆಟ್‌ವರ್ಕ್ ಹೋಯಿತೇನೋ ಅಂದುಕೊಂಡೆ.

“ಒಂದ್ ಗೀರು ನಿಲ್ಬೇಕಾದ ಕಡೆ ನಿಂತಿಲ್ಲ ನೋಡು, ಒಂದ್ ಗೋಧಿ ಕಾಳಿನಷ್ಟು ಮುಂದಕ್ಕೆ ಹೋಗದೆ. ಇನ್ನೂ ಕೈ ಕೂಡಿರ್ಲಿಲ್ಲ ಇವ್ನಿಗೆ. ಆಮೇಲೆ ಹುಷಾರಾಗವ್ನೆ. ಬೆಣೆ ಕೂರೋ ಜಾಗ ಅಚ್ಚುಕಟ್ಟಾಗದೆ. ಮೇಸ್ತ್ರಿ ಹತ್ರ ಬೈಸ್ಕೊಂಡಿರ್ತಾನೆ. ಯಾರು ಇವ್ನು?”

ಜೈಲಿನ ವಿಷಯ ಹೇಳಿದೆ. ಮಾತಾಡುವ ಹಾಗಿರಲಿಲ್ಲ, ಕೂಲಿ ಸರ್ಕಾರಕ್ಕೆ ಹೋಗುತ್ತಿತ್ತು, ಹೆಸರು ಅಂಗಡಿಯವನದು ಅಂತ. ಅಪ್ಪನಿಗೆ ಹೇಡನ್ ಬಗ್ಗೆ ಒಂದು ಚೂರೂ ಕುತೂಹಲ ಹುಟ್ಟಲಿಲ್ಲ.

“ಊಟ ಸರಿಯಾಗಿ ಹಾಕ್ತಿದ್ರಂತಾ?” ಅಂದರು.

ಆಮೇಲೆ, “ಮರ ಒಣಗೋಗದೆ. ಹಂಗೇ ಬಿಟ್ರೆ ಸೀಳ್ತದೆ. ಎಣ್ಣೆ ಕುಡ್ಸು,” ಅಂದು ಫೋನನ್ನು ಅಮ್ಮನ ಕೈಗೆ ಕೊಟ್ಟರು.

ಎಣ್ಣೆ ಅಂದರೆ ಅಗಸೆ ಎಣ್ಣೆ, ನಾವು ಕ್ರಿಕೆಟ್ ಬ್ಯಾಟಿಗೆ ಬಳಿಯುತ್ತಿದ್ದೆವಲ್ಲ ಅದೇ. ಅಪಾರ್ಟ್‌ಮೆಂಟಿನ ಹತ್ತಿರ ದೊಡ್ಡ ಹಾರ್ಡ್‌ವೇರ್ ಅಂಗಡಿಯಿತ್ತು, ಸಾಯಂಕಾಲ ಹೋಗಿ ಒಂದು ಡಬ್ಬ ತಂದೆ. ಡಬ್ಬದ ಮುಂದೆ ಅಂಗಡಿಯದೇ ಹೆಸರು. ಹಿಂದೆ ತಿರುಗಿಸಿದರೆ ಸಣ್ಣ ಅಕ್ಷರದಲ್ಲಿ ಮತ್ತೆ ಅದೇ ಅಂಗಡಿಯ ಹೆಸರು ಹಾಕಿ, ಇವರಿಗಾಗಿ ತಯಾರಿಸಲಾಗಿದೆ ಅಂತ ಬರೆದಿತ್ತು. ಹಳೇ ಬನಿಯನ್ ಹರಿದು ಎಣ್ಣೆಯಲ್ಲಿ ಅದ್ದಿ ಬಳಿದೆ. ಮೊದಲ ಎರಡು ಸಲದ್ದನ್ನು ಮರ ಹತ್ತೇ ನಿಮಿಷದಲ್ಲಿ ಕುಡಿದುಬಿಟ್ಟಿತು. ಮೂರನೇ ಸಲ ಬಳಿಯುವಾಗ ಒಳಗಿನ ಗೀರು ಟಾರ್ಚ್ ಇಲ್ಲದೆಯೂ ಕಾಣಿಸಿತು.